ಒಂದೇ ಒಂದು ಕುರ್ಚಿ

ಆ ಋತುವಿಡೀ ನಾನು ಗಂಡಸರ ಉಗುಳು ಕೆರೆದೆ. ಸೆಪ್ಟೆಂಬರಿನಿಂದ ಮಾರ್ಚಿನವರೆಗೆ. ಅದರ ನಡುವೆ ದೇಶದ ಮಹಿಳಾ ಐಸ್ ಹಾಕಿ ಲೀಗಿನಲ್ಲಿ ಇಪ್ಪತ್ತೆಂಟು ಪಂದ್ಯ ಆಡಿದೆ. ಯಾರಾದರೂ ಕೇಳಿದರೆ ಮುಂಚೆ ಪಂದ್ಯದ ವಿಷಯ ಹೇಳುತ್ತಿದ್ದೆ. ಈಗ ಉಗುಳಿನಿಂದಲೇ ಶುರು ಮಾಡುತ್ತೇನೆ.

ಬರೀ ಉಗುಳಾಗಿದ್ದರೆ ಒರೆಸಬಹುದಿತ್ತು. ಇದು ಹೊಗೆಸೊಪ್ಪು ತುಂಬಿದ ಬೆರಳ ತುದಿಯಷ್ಟು ಚೀಲ. ನಮ್ಮೂರು ಹೀಸಿಯೋಕಿಯ ಗಂಡಸರು ಅದನ್ನು ಮೇಲ್ತುಟಿಯೊಳಗೆ ಒತ್ತಿಟ್ಟುಕೊಳ್ಳುತ್ತಾರೆ. ಫಿನ್ಲೆಂಡಿನಲ್ಲಿ ಅದನ್ನು ಮಾರುವಂತಿಲ್ಲ, ಆದರೆ ಸ್ವೀಡನ್ನಿಗೆ ಹೋಗಿಬರುವ ಹಡಗಿನಲ್ಲಿ ಡಬ್ಬಿಗಟ್ಟಲೆ ಬರುತ್ತದೆ. ರಸ ಮುಗಿದ ಮೇಲೆ ಎರಡು ಬೆರಳಲ್ಲಿ ತೆಗೆದು ಪಂದ್ಯ ನೋಡುವ ಗ್ಯಾಲರಿಯ ಕುರ್ಚಿಯ ಅಡಿಗೆ ಅಂಟಿಸುತ್ತಾರೆ, ಇಲ್ಲವೇ ಕಾಲ ಬುಡಕ್ಕೆ ಉಗಿಯುತ್ತಾರೆ. ಡಬ್ಬಿಯ ಮುಚ್ಚಳದಲ್ಲಿ ಹೀರಿದ್ದನ್ನು ಹಾಕಿಕೊಳ್ಳಲೆಂದೇ ಒಂದು ಪುಟ್ಟ ಗೂಡು ಮಾಡಿರುತ್ತಾರೆ. ಆ ಗೂಡನ್ನು ಒಬ್ಬ ಗಂಡಸಾದರೂ ತೆರೆದದ್ದನ್ನು ನಾನು ಕಂಡಿಲ್ಲ.

ಕೆರೆಯುವುದಕ್ಕೂ ಒಂದು ಹದವಿದೆ. ಹಸಿಯಿದ್ದರೆ ಒಡೆದು ಕಂದು ರಸ ಕೈಗೆ ಹತ್ತುತ್ತದೆ. ಒಂದು ವಾರ ಬಿಟ್ಟರೆ ಕಲ್ಲಾಗುತ್ತದೆ. ಪಂದ್ಯದ ಮರುದಿನ ಬೆಳಿಗ್ಗೆ ಸರಿಯಾದ ಹೊತ್ತು. ಗೋಡೆಯ ಹಳೇ ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿ ಹಿಡಿದು, ಮೊಣಕಾಲೂರಿ, ಕುರ್ಚಿಯ ಕೆಳಗೆ ತಲೆ ತೂರಿಸಿ, ಒಂದೇ ಏಟಿಗೆ ಹಾರಿಸಬೇಕು. ಬಾಯಿ ಮುಚ್ಚಿಕೊಂಡಿರಬೇಕು. ಇದನ್ನು ಕಲಿಯಲು ನನಗೆ ಎರಡು ಭಾನುವಾರ ಬೇಕಾದವು. ಎರಡನೇ ಭಾನುವಾರ ಬಾಯಿ ತೆರೆದಿದ್ದೆ.

ನಾನು ಹೇತಾ. ಮೂವತ್ತಮೂರು ವರ್ಷ. ರಕ್ಷಣೆಯ ಆಟಗಾರ್ತಿ, ಬೆನ್ನಿನ ಮೇಲೆ ನಾಲ್ಕನೇ ನಂಬರು. ಹೊಟ್ಟೆಪಾಡಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ನೆಲ ಒರೆಸುತ್ತೇನೆ. ಆಸ್ಪತ್ರೆಯ ಕೆಲಸಕ್ಕೆ ಸಂಬಳವಿದೆ, ಕೈಗವಸಿದೆ, ಯೂನಿಯನ್ನಿದೆ. ಅಂಗಣದಲ್ಲಿ ಮಾಡಿದ್ದಕ್ಕೆ ಇದ್ದದ್ದು ಒಂದು ಹೆಸರು ಮಾತ್ರ. ತಾಲ್ಕೊ.

ಈ ಮಾತು ನಮ್ಮಲ್ಲಿ ದೇವರ ಹೆಸರಿಗಿಂತ ದೊಡ್ಡದು. ಅಜ್ಜಿಯ ಕಾಲದಲ್ಲಿ ಯಾರದಾದರೂ ಕೊಟ್ಟಿಗೆಗೆ ಮಾಡು ಹಾಕಬೇಕೆಂದರೆ, ಮಳೆ ಬರುವ ಮುಂಚೆ ಹುಲ್ಲು ಒಟ್ಟಬೇಕೆಂದರೆ, ಆ ಮನೆಯವರು ತಾಲ್ಕೊ ಕರೆಯುತ್ತಿದ್ದರು. ಊರಿಗೆ ಊರೇ ಬಂದು ದುಡಿಯುತ್ತಿತ್ತು. ಕೂಲಿಯಿಲ್ಲ. ಕೆಲಸ ಮುಗಿದ ಮೇಲೆ ಬಟಾಣಿ ಸಾರು, ರೈ ರೊಟ್ಟಿ, ಕಾಫಿ. ನಾಳೆ ನಿಮ್ಮ ಮನೆಗೆ ಅವರು ಬರುತ್ತಾರೆ. ತಾಲ್ಕೊಗೆ ಬರುವುದಿಲ್ಲ ಎಂದವನ ಮನೆಗೆ ಜನ ಹೆಣ ಎತ್ತಲೂ ಹೋಗುತ್ತಿರಲಿಲ್ಲವಂತೆ. ಹಾಗಾಗಿ ಆ ಮಾತು ಕಿವಿಗೆ ಬಿದ್ದರೆ ನಮ್ಮ ನಾಲಿಗೆ ತಾನಾಗಿ ಹೂಂ ಎನ್ನುತ್ತದೆ. ಯಾಕೆ, ಏನು, ಯಾರಿಗೆ ಎಂದು ಕೇಳುವುದು ಆಮೇಲೆ. ಕೆಲವೊಮ್ಮೆ ಕೇಳುವುದೇ ಇಲ್ಲ.

ನಮ್ಮ ಹಾಕಿ ಸಂಘದ ಮ್ಯಾನೇಜರ್ ಪಾಸಿಗೆ ಇದು ಚೆನ್ನಾಗಿ ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ನಮ್ಮನ್ನೆಲ್ಲ ಕೂಡಿಸಿ ಏಲಕ್ಕಿ ಬನ್ ತಿನ್ನಿಸಿದ. ಗುಡಿಸುವ ಕಂಪನಿಯನ್ನು ಈ ವರ್ಷದಿಂದ ಬಿಟ್ಟಿದ್ದೇವೆ ಎಂದ. "ತಂಡದ ಪಂದ್ಯ ಆದ ಮಾರನೇ ದಿನ ಗ್ಯಾಲರಿ ಕ್ಲೀನ್ ಮಾಡೋಕೆ ಒಂದು ಸಣ್ಣ ತಾಲ್ಕೊ ಇಟ್ಕೊಳ್ಳೋಣ ಅಂತ. ಎಲ್ಲರೂ ಸೇರಿ, ಒಂದು ಕುಟುಂಬದ ಥರ. ಏನಂತೀರಿ?"

ನಮ್ಮ ಸಂಘದಲ್ಲಿ ತಂಡ ಎಂದರೆ ಗಂಡಸರ ತಂಡ. ನಮಗೆ ತಂಡ ಎನ್ನುವುದಿಲ್ಲ, ಹೆಂಗಸರು ಎನ್ನುತ್ತಾರೆ. ತಂಡದ ಪಂದ್ಯ, ಹೆಂಗಸರ ಪಂದ್ಯ. ತಂಡದ ಡ್ರೆಸ್ಸಿಂಗ್ ರೂಮು, ಹೆಂಗಸರ ಗೂಡು. ನಮ್ಮದು ಗ್ಯಾಲರಿಯ ಮೆಟ್ಟಿಲ ಕೆಳಗಿನ ಸಾಮಾನು ಕೋಣೆ. ಅದರ ಚಾವಣಿ ಕಬ್ಬಿಣದ ಜಾಲರಿ. ಶನಿವಾರ ಗಂಡಸರ ಪಂದ್ಯ ನಡೆದರೆ ಮೇಲಿಂದ ಬಿಯರು ಸೋರಿ ನಮ್ಮ ಸಾಮಾನಿನ ಮೇಲೆ ಬೀಳುತ್ತಿತ್ತು. ನಮ್ಮ ಗೋಲಿ, ಅಂದರೆ ಗೋಲು ಕಾಯುವ ಮಿಂತ್ತುವಿನ ಮುಖಕವಚ ಹುಳಿ ಬಿಯರಿನ ನಾತ ಹೊಡೆಯುತ್ತಿತ್ತು. ಹತ್ತೊಂಬತ್ತು ವರ್ಷದ ಆ ಹುಡುಗಿ ಅದನ್ನು ಮುಖಕ್ಕೆ ಹಾಕಿಕೊಂಡು ಒಂದು ಪಂದ್ಯದಲ್ಲಿ ನಲವತ್ತು ಪಕ್, ಆ ಗಟ್ಟಿ ರಬ್ಬರು ಬಿಲ್ಲೆ, ತಡೆಯುತ್ತಿದ್ದಳು.

ಅವತ್ತು ಪಾಸಿ ಏನಂತೀರಿ ಎಂದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ಹಿರಿಯಳು, ಹದಿನಾರು ವರ್ಷದಿಂದ ಆಡುತ್ತಿದ್ದವಳು. ಬಾಯಲ್ಲಿ ಬನ್ ಇತ್ತು. ತಾಲ್ಕೊ ಅಂದನಲ್ಲ, ಸಾಕು.

"ಸರಿ ಬಿಡು, ಮಾಡೋಣ," ಎಂದೆ.

ತಪ್ಪು ಮಾಡಿದ್ದು ನಾನು. ಇದನ್ನು ನಾನು ಮುಚ್ಚಿಡುವುದಿಲ್ಲ.

ನಾಲ್ಕು ಸಾವಿರ ಕುರ್ಚಿ. ಇಪ್ಪತ್ತೊಂದು ಹೆಂಗಸರು. ಡ್ಯೂಟಿ ಇದ್ದವರು, ಮಗುವಿಗೆ ಜ್ವರ ಬಂದವರು ಕಳೆದರೆ ಹತ್ತೋ ಹನ್ನೆರಡೋ. ಶನಿವಾರ ಸಂಜೆ ಗಂಡಸರ ಪಂದ್ಯ, ಭಾನುವಾರ ಮೂರಕ್ಕೆ ನಮ್ಮದು. ಬೆಳಿಗ್ಗೆ ಎಂಟಕ್ಕೆ ಬಂದು ಕೆರೆಯಲು ಕೂತರೆ ಏಳುವಾಗ ಒಂದು ಗಂಟೆ. ಸಾಸಿವೆ ಗೊಜ್ಜು ಮೆತ್ತಿದ ಕಾಗದ, ಅರ್ಧ ತಿಂದ ಸಾಸೇಜು, ಬಿಯರು, ಕೆಲವೊಮ್ಮೆ ವಾಂತಿ. ಇವೆಲ್ಲ ಗುಡಿಸಿದರೆ ಹೋಗುತ್ತವೆ. ಕೆರೆಯಬೇಕಾದ್ದು ಆ ಚೀಲಗಳನ್ನು. ಮಧ್ಯಾಹ್ನ ಸ್ಕೇಟಿನ ದಾರ ಕಟ್ಟುವಾಗ ಬೆರಳು ಮಡಚಲು ಬರುತ್ತಿರಲಿಲ್ಲ. ಸ್ಟಿಕ್ ಕೈಯಿಂದ ಜಾರುತ್ತಿತ್ತು. ಎದುರು ತಂಡದವರು ಬಸ್ಸಿನಲ್ಲಿ ಮಲಗೆದ್ದು ಬಂದು ನಮ್ಮ ಮೇಲೆ ಆಟದ ಮೂರನೇ, ಕೊನೆಯ ಭಾಗದಲ್ಲಿ ಗೋಲು ಹೊಡೆಯುತ್ತಿದ್ದರು. ಪ್ರತಿ ಸಲವೂ ಮೂರನೇ ಭಾಗದಲ್ಲೇ. ಪತ್ರಿಕೆಯವನೊಬ್ಬ ಬರೆದ, ಹೀಸಿಯೋಕಿಯ ಹೆಂಗಸರಿಗೆ ದಮ್ಮು ಸಾಲದು. ನಮ್ಮ ದಮ್ಮು ಎಲ್ಲಿ ಖರ್ಚಾಗಿದೆ ಎಂದು ಕುರ್ಚಿಯ ಕೆಳಗೆ ಬಗ್ಗಿ ನೋಡಿದ್ದರೆ ಅವನಿಗೆ ಗೊತ್ತಾಗುತ್ತಿತ್ತು.

ಪಾಸಿ ತಾಲ್ಕೊ ಕರೆದನೇ ಹೊರತು ಒಂದು ದಿನವೂ ಕೆರೆಯುವ ಪಟ್ಟಿ ಮುಟ್ಟಲಿಲ್ಲ. ಬಂದು ಬಾಗಿಲಲ್ಲಿ ನಿಂತು "ಭೇಷ್ ಹುಡುಗೀರಾ" ಎಂದು ಹೋಗುತ್ತಿದ್ದ. ಗಂಡಸರ ತಂಡದವರಂತೂ ಹತ್ತಿರವೂ ಸುಳಿಯಲಿಲ್ಲ.

ನಮ್ಮಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತೇವೆ. ಮ್ಯಾನೇಜರಿಗೂ ನೀನು, ಮಂತ್ರಿಗೂ ನೀನು. ಹೊರಗಿನವರು ಬಂದು ಇದನ್ನು ನೋಡಿ ಆಹಾ ಸಮಾನತೆ ಎನ್ನುತ್ತಾರೆ. ನಾಲಿಗೆಯ ಮೇಲೆ ಇದೆ, ನಿಜ. ಅಲ್ಲಿಂದ ಕೆಳಗೆ ಇಳಿದಿಲ್ಲ.

ಜನವರಿಯಲ್ಲಿ ಒಂದು ಭಾನುವಾರ. ಮಿಂತ್ತು ಹನ್ನೊಂದನೇ ಸಾಲು ಮುಗಿಸಿ ಸೊಂಟ ಹಿಡಿದುಕೊಂಡು ಎದ್ದಿದ್ದಳು. ಗಂಡಸರ ತಂಡದ ಒಬ್ಬ, ಇಪ್ಪತ್ತೆರಡು ವರ್ಷದವನು, ಮರೆತುಹೋದ ಫೋನು ಹುಡುಕಿಕೊಂಡು ಬಂದ. ಅವಳು ಕೆರೆದು ಒರೆಸಿದ ಕುರ್ಚಿಯ ಮೇಲೆ ಕಾಲಿಟ್ಟು ಶೂ ದಾರ ಕಟ್ಟಿದ. ಆಮೇಲೆ ತುಟಿಯೊಳಗಿಂದ ಚೀಲ ತೆಗೆದು ಆ ಕುರ್ಚಿಯ ಮೇಲೆಯೇ ಇಟ್ಟ. ಉಗಿಯಲಿಲ್ಲ, ಇಟ್ಟ. ನೋಡಿ, ಮೆಲ್ಲಗೆ ಇಟ್ಟ.

"ಏಯ್, ಇಲ್ಲೊಂದು ಬಿಟ್ಟುಬಿಟ್ಟಿದ್ದೀಯಲ್ಲೇ," ಎಂದು ನಕ್ಕ.

ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಅಷ್ಟು ಚಳಿ, ಅಷ್ಟು ಬಿಸಿ. ಮಿಂತ್ತು ಅದನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಎರಡು ಸಾಲು ಕೆಳಗಿದ್ದೆ, ಕೈಯಲ್ಲಿ ಪಟ್ಟಿಯಿತ್ತು.

"ತೆಗಿ ಬಿಡೇ," ಎಂದೆ. "ಮೂರು ಗಂಟೆಗೆ ಪಂದ್ಯ ಇದೆ. ಅವನ ಹತ್ರ ಏನು ಮಾತು. ತಾಲ್ಕೊ ಅಲ್ವಾ, ತೆಗಿ."

ಅವಳು ತೆಗೆದಳು. ಬರಿಗೈಲಿ ತೆಗೆದಳು, ಮನೆಯಿಂದ ತಂದಿದ್ದ ಗವಸು ಆಗಲೇ ಬಿಚ್ಚಿದ್ದಳು. ಅವನು ಶಿಳ್ಳೆ ಹಾಕುತ್ತ ಹೋದ. ಅವತ್ತಿನಿಂದ ಆ ಹುಡುಗಿ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನನಗೆ ಅವನ ಮೇಲೆ ಹೇಸಿಗೆಯಾಯಿತು. ನನ್ನ ಮೇಲೆ ಆದದ್ದು ಅದಕ್ಕಿಂತ ಹೆಚ್ಚು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮನ ಹೆಸರು ಔನೆ, ಎಪ್ಪತ್ತು ದಾಟಿದವಳು, ಮುಚ್ಚಿಹೋದ ಕಾಗದದ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವಳು. ಆಲೂಗಡ್ಡೆ ಸುಲಿಯುತ್ತ ಕೇಳಿಸಿಕೊಂಡಳು.

"ಅವನು ಸಾರು ಹಾಕ್ಸಿದ್ನಾ?" ಎಂದಳು.

"ಯಾರು?"

"ತಾಲ್ಕೊ ಕರೆದನಲ್ಲ, ಆ ಪಾಸಿ. ಕೆಲಸ ಆದಮೇಲೆ ಸಾರು ಹಾಕ್ಸಿದ್ನಾ ಅಂತ."

"ಇಲ್ಲಮ್ಮ. ಸೆಪ್ಟೆಂಬರಲ್ಲಿ ಒಂದ್ಸಲ ಬನ್ ಕೊಟ್ಟ."

"ಅವನೂ ಬಗ್ಗಿದ್ನಾ ನಿಮ್ಮ ಜೊತೆ?"

"ಅವನು ಯಾಕೆ ಬಗ್ತಾನೆ?"

ಅಮ್ಮ ಚಾಕು ಕೆಳಗಿಟ್ಟಳು. "ಕರೆದವನೇ ಮೊದಲು ಬಗ್ಗಬೇಕು ಕಣೇ. ಮೊದಲನೇ ಮರ ಅವನ ಹೆಗಲ ಮೇಲೆ, ಮೊದಲನೇ ಕವೆಗೋಲು ಅವನ ಕೈಲಿ. ನಮ್ಮಪ್ಪ ಕಾಲು ಮುರ್ಕೊಂಡಾಗ್ಲೂ ಕುರ್ಚಿ ಮೇಲೆ ಕೂತು ಮೊಳೆ ನೆಟ್ಟಗೆ ಮಾಡಿ ಕೊಡ್ತಿದ್ದ. ಅದು ತಾಲ್ಕೊ. ನೀವು ಮಾಡ್ತಿರೋದು ಬಿಟ್ಟಿ ಚಾಕರಿ. ಹದಿನಾರು ವರ್ಷ ಆಡಿ ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ಬಗ್ಗಿದೋರಿಗೆ ಒಂದು ಗುದ್ದು ಜಾಸ್ತಿ."

ನಾನು ಅವಳು ಸುಲಿದ ಆಲೂಗಡ್ಡೆ ತೊಳೆದೆ.

ಹತ್ತು ತಂಡದ ಲೀಗಿನಲ್ಲಿ ನಾವು ಹತ್ತನೆಯವರಾದೆವು. ಕೊನೆಯವರು ಕೆಳಗಿನ ದರ್ಜೆಯಲ್ಲಿ ಗೆದ್ದವರ ಜೊತೆ ಮೂರು ಪಂದ್ಯ ಆಡಬೇಕು. ಎರಡು ಗೆದ್ದವರಿಗೆ ಲೀಗಿನ ಜಾಗ. ಪಾಸಿ ಮೊದಲೇ ಹೇಳಿಬಿಟ್ಟಿದ್ದ. "ಕೆಳಗೆ ಬಿದ್ರೆ ಮುಗೀತು. ಕೆಳಗಿನ ದರ್ಜೇಲಿ ಹೆಂಗಸರನ್ನ ಸಾಕೋ ಶಕ್ತಿ ಸಂಘಕ್ಕಿಲ್ಲ." ಸಾಕುವುದಂತೆ, ಕೋಳಿಗಳನ್ನು ಸಾಕಿದ ಹಾಗೆ.

ಮೊದಲ ಪಂದ್ಯ ಸೋತೆವು. ಎರಡನೆಯದನ್ನು ಉತ್ತರದ ಅವರೂರಿಗೆ ಹೋಗಿ ಗೆದ್ದೆವು. ಅಲ್ಲಿ ಯಾರ ಉಗುಳೂ ಕೆರೆದಿರಲಿಲ್ಲವಲ್ಲ, ಮೂರನೇ ಭಾಗದಲ್ಲಿ ಕಾಲಲ್ಲಿ ಶಕ್ತಿ ಉಳಿದಿತ್ತು. ಮಿಂತ್ತು ಒಂದೂ ಪಕ್ ಒಳಗೆ ಬಿಡಲಿಲ್ಲ. ಮೂರನೆಯದು ನಮ್ಮೂರಿನಲ್ಲಿ, ಮಾರ್ಚ್ ಕೊನೆಯ ಭಾನುವಾರ ಮೂರು ಗಂಟೆಗೆ. ಗೆದ್ದರೆ ಉಳಿಯುತ್ತೇವೆ. ಸೋತರೆ ಹೀಸಿಯೋಕಿಯಲ್ಲಿ ಹೆಂಗಸರ ಹಾಕಿ ಎನ್ನುವುದು ಇರುವುದಿಲ್ಲ.

ಅದರ ಹಿಂದಿನ ಸಂಜೆ ಗಂಡಸರಿಗೆ ಪ್ಲೇಆಫ್ ಪಂದ್ಯ. ನಾಲ್ಕು ಸಾವಿರ ಕುರ್ಚಿಯೂ ತುಂಬಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದಾಗ ಹೊಡೆದ ನಾತಕ್ಕೆ ನಮ್ಮ ನಾಯಕಿ ರೀಕ್ಕಾ ಮೂಗು ಮುಚ್ಚಿಕೊಂಡಳು. ರೀಕ್ಕಾ ಅಂಚೆ ಹಂಚುವವಳು, ಊರಿನ ಎಲ್ಲ ನಾಯಿಗಳ ಬಾಯಿ ವಾಸನೆ ಬಲ್ಲವಳು. ಸುಲಭಕ್ಕೆ ಮೂಗು ಮುಚ್ಚುವವಳಲ್ಲ. ಗೆದ್ದ ಖುಷಿಯಲ್ಲಿ ಬಿಯರು ಎರಚಾಡಿದ್ದರು. ಮೆಟ್ಟಿಲಿನ ಮೇಲೆಲ್ಲ ಅಂಟು. ಬಾವುಟ ಹಾಸಿ ಅದರ ಮೇಲೆ ವಾಂತಿ ಮಾಡಿದ್ದರು. ಒಂಬತ್ತನೇ ಸಾಲಿನಲ್ಲಿ ಯಾರೋ ಮೂಲೆ ಹುಡುಕುವ ಗೋಜಿಗೆ ಹೋಗದೆ ಉಚ್ಚೆ ಹೊಯ್ದಿದ್ದ. ಮತ್ತೆ ಆ ಚೀಲಗಳು. ಕುರ್ಚಿಯ ಅಡಿ, ಬೆನ್ನು, ತೋಳು. ಒಂದು ಕಡೆ ಅವುಗಳನ್ನು ಸಾಲಾಗಿ ಅಂಟಿಸಿ ಗೋಲಿನ ಸಂಖ್ಯೆ ಬರೆದಿದ್ದರು.

ಅವತ್ತು ಇಪ್ಪತ್ತೊಂದು ಜನವೂ ಬಂದಿದ್ದೆವು. ಕೆರೆಯಲಿಕ್ಕೆ ಬಂದೆವೋ, ಮನೆಯಲ್ಲಿ ಕೂರಲಾಗದೆ ಬಂದೆವೋ, ಹೇಳಲಾರೆ. ಅಮ್ಮನೂ ಬಂದಿದ್ದಳು, ದೊಡ್ಡ ಪಾತ್ರೆಯಲ್ಲಿ ಬಟಾಣಿ ಸಾರು ಹಿಡಿದುಕೊಂಡು. "ಅವನಂತೂ ಹಾಕಲ್ಲ, ನಾನಾದ್ರೂ ಹಾಕ್ತೀನಿ," ಎಂದಳು.

ಪಾಸಿ ಬಂದ. ಒಳ್ಳೆಯ ಉಣ್ಣೆಯ ಕೋಟು, ಕೈಯಲ್ಲಿ ಕಾಗದದ ಲೋಟದ ಕಾಫಿ.

"ಎರಡು ಗಂಟೆಗೆ ನಾನು ಗ್ಯಾಲರಿ ನೋಡ್ತೀನಿ," ಎಂದ. "ಮೆಟ್ಟಿಲು ಜಾರೋ ಹಾಗಿದ್ರೆ, ಈ ಗಲೀಜು ಹೀಗೇ ಇದ್ರೆ, ನಾನು ಬಾಗಿಲು ತೆಗೆಯಲ್ಲ. ಸುರಕ್ಷತೆ ನಿಯಮ. ಬಾಗಿಲು ತೆಗೀಲಿಲ್ಲ ಅಂದ್ರೆ ಪಂದ್ಯ ಇಲ್ಲ. ಪಂದ್ಯ ಇಲ್ಲ ಅಂದ್ರೆ ಸೋತ ಹಾಗೆ ಬರ್ಕೋತಾರೆ. ಅದಕ್ಕೇ ಬೇಗ ಶುರು ಹಚ್ಕೊಳ್ಳಿ."

ರೀಕ್ಕಾ ಹೇಳಿದಳು, "ಪಾಸಿ, ಇವತ್ತೊಂದು ದಿನ ಬೇರೆಯವರನ್ನ ಕರೆಸು. ಇವತ್ತು ನಮ್ಮ ಕಾಲು ನಮಗೆ ಬೇಕು ಮಾರಾಯ."

"ಭಾನುವಾರ ಯಾರು ಬರ್ತಾರೆ? ತಂಡಕ್ಕೆ ಮಂಗಳವಾರ ಮತ್ತೆ ಪಂದ್ಯ ಇದೆ. ಹೇಗಿದ್ರೂ ಆಗಲೇಬೇಕಾದ ಕೆಲಸ. ಎಲ್ಲ ಸೇರಿ ಮಾಡಿದ್ರೆ ನಾಲ್ಕು ಗಂಟೆಯ ಕೆಲಸ. ತಾಲ್ಕೊ ಅಂದ್ಮೇಲೆ..."

ಆ ಮಾತು ಅವನ ಬಾಯಿಂದ ಬಂದದ್ದೇ ತಡ, ನಮ್ಮಲ್ಲಿ ಏಳೆಂಟು ಜನ ಬಗ್ಗಿ ಬಕೆಟಿಗೆ ಕೈ ಹಾಕಿದರು. ನಾನು ಕಣ್ಣಾರೆ ನೋಡಿದೆ. ಯಾರೂ ಯೋಚಿಸಿ ಬಗ್ಗಲಿಲ್ಲ. ಸೊಂಟ ತಾನಾಗಿ ಬಗ್ಗಿತು. ಮಿಂತ್ತು ಮಾತ್ರ ನೆಟ್ಟಗೆ ನಿಂತಿದ್ದಳು. ಪಾಸಿಯನ್ನು ನೋಡುತ್ತಿರಲಿಲ್ಲ. ಜನವರಿಯಲ್ಲಿ ನೋಡಿದ ಹಾಗೇ ನನ್ನನ್ನು ನೋಡುತ್ತಿದ್ದಳು.

ನನ್ನ ಕೈಯಲ್ಲಿ ಪಟ್ಟಿಯಿತ್ತು. ಏಳು ತಿಂಗಳಲ್ಲಿ ಅದರ ಹಿಡಿ ನನ್ನ ಕೈಯ ಅಳತೆಗೆ ಸವೆದಿತ್ತು. ಅದನ್ನು ಹಿಡಿಯ ಕಡೆಯಿಂದ ಪಾಸಿಯ ಮುಂದೆ ಚಾಚಿದೆ.

"ತಗೋ," ಎಂದೆ.

"ಏನು?"

"ತಾಲ್ಕೊ ಕರೆದವನು ನೀನು. ಕರೆದವನು ಮೊದಲು ಬಗ್ಗಬೇಕು. ಒಂದು ಕುರ್ಚಿ, ಪಾಸಿ. ಒಂದೇ ಒಂದು ಕುರ್ಚಿ ನೀನು ಕೆರೆ. ಬಾಕಿ ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ನಾವು ಕೆರೀತೀವಿ. ಎರಡು ಗಂಟೆ ಹೊಡೆಯೋದ್ರೊಳಗೆ ಕನ್ನಡಿ ಥರ ಮಾಡಿ ಕೊಡ್ತೀವಿ. ಆಮೇಲೆ ಆಡ್ತೀವಿ."

ಪಾಸಿ ನಕ್ಕ. ಯಾರೂ ನಗಲಿಲ್ಲ. ಬಗ್ಗಿದ್ದವರು ಎದ್ದು ನಿಂತರು.

"ತಮಾಷೆ ಸಾಕು ಹೇತಾ."

"ತಮಾಷೆ ಅಲ್ಲ. ಯಾವ ಕುರ್ಚಿ ಬೇಕೋ ನೀನೇ ಆರಿಸ್ಕೋ. ಕಡಿಮೆ ಗಲೀಜಿರೋದನ್ನೇ ಆರಿಸ್ಕೋ."

"ನಂಗೆ ಬೆನ್ನು ನೋವು."

"ನನ್ನ ಹತ್ರ ಮಂಡಿಗೆ ಕಟ್ಟೋ ಪ್ಯಾಡಿದೆ, ಕೊಡ್ತೀನಿ," ಎಂದಳು ಮಿಂತ್ತು. "ಗೋಲಿ ಪ್ಯಾಡು. ಮೆತ್ತಗಿರುತ್ತೆ."

ಪಾಸಿಯ ಮುಖ ಕೆಂಪಾಯಿತು. ಹತ್ತಿರದ ಕುರ್ಚಿಯನ್ನು ನೋಡಿದ. ಅದರ ಅಂಚಿನಲ್ಲಿ ಮೂರು ಚೀಲ ಒಂದಕ್ಕೊಂದು ಅಂಟಿ ಕಂದು ರಸ ಇಳಿದಿತ್ತು. ಅವನ ತುಟಿ ಒಂದು ಕಡೆಗೆ ಸೊಟ್ಟಗಾಯಿತು.

"ನಾನು ಅದನ್ನ ಮುಟ್ಟಲ್ಲ," ಎಂದ. "ಥೂ, ಅಸಹ್ಯ."

"ನಮಗೆ ಅಸಹ್ಯ ಆಗಲ್ವಾ?"

"ನಿಮಗೆ ಅಭ್ಯಾಸ ಆಗಿದೆಯಲ್ಲ," ಎಂದ ಪಾಸಿ.

ಬೇಕೆಂದು ಕಟುವಾಗಿ ಹೇಳಲಿಲ್ಲ. ಇದರಲ್ಲೇನಿದೆ ಎಂಬಂತೆ ಹೇಳಿದ. ಏಳು ತಿಂಗಳಿಂದ ನಾನು, ಅವನಿಗೆ ಗೊತ್ತಿಲ್ಲ, ತಿಳಿವಳಿಕೆ ಸಾಲದು, ಪಾಪ ಎಂದುಕೊಂಡಿದ್ದೆ. ಅವನಿಗೆ ಎಲ್ಲ ಗೊತ್ತಿತ್ತು. ಇದು ಎಷ್ಟು ಹೇಸಿಗೆಯ ಕೆಲಸ ಎಂದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನಮಗೆ ಕೊಟ್ಟಿದ್ದ.

ನಾನು ಪಟ್ಟಿಯನ್ನು ಅವನ ಕಾಲ ಬಳಿ ಬಿಟ್ಟೆ. ಕಬ್ಬಿಣ ಕಾಂಕ್ರೀಟಿನ ಮೇಲೆ ಬಿದ್ದ ಸದ್ದು ಖಾಲಿ ಅಂಗಣದಲ್ಲಿ ದೊಡ್ಡದಾಗಿ ಕೇಳಿಸಿತು. ಮಿಂತ್ತು ತನ್ನದನ್ನು ಬಿಟ್ಟಳು. ರೀಕ್ಕಾ ಬಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು.

"ಯೋಚನೆ ಮಾಡಿ," ಎಂದ ಪಾಸಿ. "ಲೀಗಿನ ಜಾಗ ಹೋಗುತ್ತೆ. ಒಂದು ಹಠಕ್ಕೆ."

"ಒಂದು ಕುರ್ಚಿಗೆ," ಎಂದೆ. "ಹೋಗೋದಾದ್ರೆ ನೀನು ಕೆರೀದೇ ಇದ್ದ ಒಂದು ಕುರ್ಚಿಗೆ ಹೋಗುತ್ತೆ. ಹಾಗಂತ ಬರ್ಕೋ."

ನಾವು ಆ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಅಮ್ಮನ ಸಾರು ಕುಡಿದೆವು. ಎಷ್ಟೋ ವಾರಗಳ ಮೇಲೆ ನಮ್ಮೂರಿನ ಪಂದ್ಯದ ದಿನ ಬೆರಳು ನೆಟ್ಟಗಿದ್ದವು. ಒಂದೂವರೆಗೆ ಡ್ರೆಸ್ಸು ಹಾಕಿದೆವು. ಭುಜದ ಕವಚ, ಸಾಕ್ಸು, ಸ್ಕೇಟು, ಎಲ್ಲ. ಹಾಕಿಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಮಿಂತ್ತು ತನ್ನ ಮುಖಕವಚವನ್ನು ನನ್ನ ಪಕ್ಕ ಬೆಂಚಿನ ಮೇಲಿಟ್ಟು ಕೂತಳು. ಜನವರಿಯ ನಂತರ ಅವಳು ನನ್ನ ಪಕ್ಕ ಕೂತದ್ದು ಅದೇ ಮೊದಲು.

"ಲೇಟು ಮಾಡ್ದೆ ನೀನು," ಎಂದಳು.

"ಹೂಂ."

"ತುಂಬಾ ಲೇಟು."

"ಗೊತ್ತು ಕಣೇ."

ಹೊರಗೆ ಹಿಮ ಬೆರೆತ ಮಳೆ. ಬಾಗಿಲ ಮುಂದೆ ನೂರೈವತ್ತು ಜನ ನಿಂತಿದ್ದರು. ನಮ್ಮ ಅಕ್ಕತಂಗಿಯರು, ಗಂಡಂದಿರು, ಆಸ್ಪತ್ರೆಯ ನನ್ನ ಜೊತೆಯವರು. ನಮ್ಮ ಜನ ಸಾಲು ಹಿಡಿದು ಸುಮ್ಮನೆ ನಿಲ್ಲುವುದರಲ್ಲಿ ಗಟ್ಟಿಗರು. ಎರಡು ಗಂಟೆಗೆ ಪಾಸಿ ಒಳಗಿನಿಂದ ಗಾಜಿನ ಬಾಗಿಲಿಗೆ ಕಾಗದ ಅಂಟಿಸಿದ. ಎದುರು ತಂಡ ಆರು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು ಬಂದು ಹಿಂದಿನ ಬಾಗಿಲಿಂದ ಒಳಗೆ ಕಾಲಿಟ್ಟಿತ್ತು. ಅವರ ನಾಯಕಿ, ಎತ್ತರದ ಹೆಂಗಸು, ಗ್ಯಾಲರಿಯನ್ನು ನೋಡಿದಳು, ನೆಲದ ಮೇಲೆ ಬಿದ್ದ ಇಪ್ಪತ್ತೊಂದು ಪಟ್ಟಿಗಳನ್ನು ನೋಡಿದಳು. ವಿವರ ಕೇಳಬೇಕಾಗಲಿಲ್ಲ.

"ನಮ್ಮ ಸಂಘದೋರು ನಮ್ಮ ಕೈಲಿ ಮನೆ ಮನೆಗೆ ಕಕ್ಕಸಿನ ಕಾಗದ ಮಾರಿಸ್ತಾರೆ," ಎಂದಳು. "ನಿಮಗೆ ಅವರ ಬಾಯಿ, ನಮಗೆ ಇನ್ನೊಂದು ಕಡೆ."

ಅವಳು ನಗಲಿಲ್ಲ. ನಾವೂ ನಗಲಿಲ್ಲ. ರೆಫ್ರಿ ಬಂದು, ಅಂಗಣ ಒದಗಿಸುವುದು ಆತಿಥೇಯರ ಹೊಣೆ ಎಂದು ಓದಿ ಹೇಳಿ, ಅವರಿಗೆ ಐದು, ನಮಗೆ ಸೊನ್ನೆ ಎಂದು ಬರೆದುಕೊಂಡಳು. ಎತ್ತರದ ಹೆಂಗಸು ಸಹಿ ಹಾಕುವ ಮುಂಚೆ ನನ್ನ ಕಡೆ ತಿರುಗಿದಳು.

"ಬೇಡ ಅಂದ್ರೆ ನಾನು ಹಾಕಲ್ಲ."

"ಹಾಕು," ಎಂದೆ. "ನೀವು ಮೇಲೆ ಬನ್ನಿ. ಬಂದ್ಮೇಲೆ ಕೆರೀಬೇಡಿ."

ಹೀಗೆ ನಮ್ಮ ಋತು ಮುಗಿಯಿತು. ಡ್ರೆಸ್ಸು ಹಾಕಿಕೊಂಡು ಕೂತಲ್ಲೇ. ಡ್ರೆಸ್ಸು ಬಿಚ್ಚುವಾಗ ರೀಕ್ಕಾ ಅತ್ತಳು. ನಾನೂ ಅತ್ತೆ. ಗೆದ್ದೆವು ಎಂದು ನಾನು ಹೇಳುವುದಿಲ್ಲ. ಹದಿನಾರು ವರ್ಷ ಆಡಿದ ಆಟ ಹೋಯಿತು. ಸ್ಕೇಟು ಈಗ ಅಟ್ಟದ ಮೇಲಿದೆ.

ಪಾಸಿಗೆ ಒಂದು ತಲೆನೋವು ಕಡಿಮೆಯಾಯಿತು. ಆದರೆ ಗ್ಯಾಲರಿ ಹಾಗೇ ಇತ್ತು, ಮಂಗಳವಾರ ಗಂಡಸರ ಪಂದ್ಯವಿತ್ತು. ಸೋಮವಾರ ಬೆಳಿಗ್ಗೆ ಅವನು ಏನು ಮಾಡಿದ ಗೊತ್ತೇ? ಹನ್ನೆರಡು ವರ್ಷದೊಳಗಿನ ಹುಡುಗಿಯರ ತಂಡದ ಅಪ್ಪ ಅಮ್ಮಂದಿರಿಗೆ ಮೆಸೇಜು ಕಳಿಸಿದ. ಹುಡುಗರ ತಂಡದವರಿಗಲ್ಲ. ಹುಡುಗಿಯರ ತಂಡದವರಿಗೆ. ಶಾಲೆ ಮುಗಿದ ಮೇಲೆ ಒಂದು ಸಣ್ಣ ತಾಲ್ಕೊ, ಮಕ್ಕಳನ್ನೂ ಕರೆತನ್ನಿ, ಖುಷಿಯಾಗುತ್ತದೆ.

ಆ ಹುಡುಗಿಯರಿಗೆ ಆಟ ಕಲಿಸುತ್ತಿದ್ದವಳು ಮಿಂತ್ತು. ಅವಳು ಅದರ ಕೆಳಗೇ ಬರೆದಳು: ನಾವು ಬರುತ್ತೇವೆ. ಪಾಸಿ ಎಲ್ಲರ ಮುಂದೆ ಒಂದು ಕುರ್ಚಿ ಕೆರೆದ ಮೇಲೆ ಶುರು ಮಾಡುತ್ತೇವೆ.

ಒಂದು ಗಂಟೆಯ ಮೇಲೆ ಒಬ್ಬ ತಾಯಿ ಬರೆದಳು, ಸರಿಯಾಗಿದೆ. ಇನ್ನೊಬ್ಬಳು, ನಾನೂ ಆಮೇಲೆ ಬರುತ್ತೇನೆ. ಒಬ್ಬ ಅಪ್ಪ, ಯಾವ ಕುರ್ಚಿ ಎಂದು ಪಾಸಿಗೆ ನಾನು ತೋರಿಸುತ್ತೇನೆ. ಸಂಜೆಯವರೆಗೆ ಮೂವತ್ತು ಜನ. ತಾಲ್ಕೊ ಎಂದರೆ ಇಲ್ಲ ಎನ್ನಲು ಬಾರದ ಜನ ನಾವು. ಇಲ್ಲ ಎನ್ನಲೂ ಇಲ್ಲ. ನೀನು ಮೊದಲು ಎಂದರು, ಅಷ್ಟೇ.

ಪಾಸಿ ಕೆರೆಯಲಿಲ್ಲ. ಪ್ರಾಯೋಜಕರು ಕೂರುವ ಗಾಜಿನ ಕೋಣೆಗಳನ್ನೂ ಮೆಟ್ಟಿಲುಗಳನ್ನೂ ಯಾರಿಂದಲೋ ತೊಳೆಸಿದ. ಮಿಕ್ಕದ್ದಕ್ಕೆ ಜನ ಸಿಗಲಿಲ್ಲ.

ಮಂಗಳವಾರ ನಾನು ಟಿಕೆಟ್ ತೆಗೆದುಕೊಂಡು ಗಂಡಸರ ಪಂದ್ಯಕ್ಕೆ ಹೋದೆ. ಅದೇ ಮೊದಲು, ಅದೇ ಕೊನೆ. ಹನ್ನೊಂದನೇ ಸಾಲು. ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತೆ. ಮೂರು ದಿನದ ನಾತ ಬೆಚ್ಚಗಾಗುತ್ತ ಏಳುತ್ತಿತ್ತು. ಜನ ಬಂದರು, ಕುರ್ಚಿ ನೋಡಿದರು, ಮುಖ ಕಿವಿಚಿದರು, ಪತ್ರಿಕೆ ಹಾಸಿ ಕೂತರು. ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದರಲ್ಲ, ಕೂರದೆ ಏನು ಮಾಡುತ್ತಾರೆ. ನಾಲ್ಕು ಸಾವಿರ ಜನ ಅವರವರ ಉಗುಳಿನ ಮೇಲೆ ಕೂತು ಬಾವುಟ ಬೀಸಿದರು.

ನನ್ನ ಪಕ್ಕದವನು ಐವತ್ತರ ಗಂಡಸು, ಒಳ್ಳೆಯ ಬಟ್ಟೆ. ಮೊದಲ ಭಾಗ ಮುಗಿಯುತ್ತಿದ್ದಂತೆ ತುಟಿಯೊಳಗಿಂದ ಚೀಲ ತೆಗೆದು, ಕಣ್ಣು ಆಟದ ಮೇಲಿಟ್ಟುಕೊಂಡೇ ಕೈಯನ್ನು ಕುರ್ಚಿಯ ಅಡಿಗೆ ಒಯ್ದ. ಎಷ್ಟು ವರ್ಷದ ರೂಢಿಯೋ. ಕೈ ಹಾವು ಮುಟ್ಟಿದ ಹಾಗೆ ಹಿಂದಕ್ಕೆ ಬಂತು. ಬೆರಳಿಗೆ ಬೇರೆ ಯಾರದೋ ಹತ್ತಿತ್ತು.

"ಥೂ! ಇಲ್ಲಿ ಯಾರೂ ಕ್ಲೀನ್ ಮಾಡಲ್ವಾ?"

"ಮಾಡ್ತಿದ್ರು," ಎಂದೆ. "ಈಗ ಇಲ್ಲ."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒದ್ದೆ ಚೀಲ ಎರಡು ಬೆರಳ ನಡುವೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ನನ್ನ ಮುಖ ನೋಡಿದ, ನಾನೇ ಕೈ ಚಾಚಿ ತೆಗೆದುಕೊಳ್ಳುತ್ತೇನೆ ಎಂಬ ಹಾಗೆ.

"ನಿಂದೇ ಅಲ್ವಾ," ಎಂದೆ. "ನೀನೇ ಇಟ್ಕೋ."